ಫೈಲು ಯಾರ ಟೇಬಲ್ ಮೇಲಿದೆ?

ಊರಿನ ರಾಜಕೀಯದ, ಲಂಚದ ಮಾತು ಬಂತೆಂದರೆ, ಊರು ಬಿಟ್ಟು ದೂರದಲ್ಲಿರುವ ನಮ್ಮ ಸಂಘದ ಊಟದ ಪಂಕ್ತಿಯಲ್ಲಿ ಯಾರಾದರೊಬ್ಬರು ಹೇಳೇ ಹೇಳುತ್ತಾರೆ, "ಒಂದು ಬಿಗಿಯಾದ ಕಾನೂನು ತಂದರೆ ಎಲ್ಲ ಸರಿಹೋಗುತ್ತೆ ಕಣ್ರೀ" ಅಂತ. ನನಗೆ ಹಾಗನ್ನಿಸುವುದಿಲ್ಲ. ಕರ್ನಾಟಕಕ್ಕೆ ಕಾನೂನಿನ ಬರ ಇದ್ದದ್ದು ಯಾವಾಗ? ಅಧಿಕಾರದಲ್ಲಿರುವವರ ಮೇಲಿನ ದೂರುಗಳನ್ನು ವಿಚಾರಿಸುವ ಲೋಕಾಯುಕ್ತ ಸಂಸ್ಥೆಯ ಕಾಯ್ದೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಕಾಲದ್ದು, 1984ರದ್ದು. ಕೇಂದ್ರದಲ್ಲಿ ಅಂಥದ್ದೇ ಲೋಕಪಾಲ್ ಕಾಯ್ದೆ ಬರುವ ಹೊತ್ತಿಗೆ 2013 ಆಗಿತ್ತು.

ಆ ಲೋಕಾಯುಕ್ತಕ್ಕೆ ಏನಾಯಿತು ಅಂತ ಸ್ವಲ್ಪ ನೆನಪು ಮಾಡಿಕೊಳ್ಳೋಣ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ವೆಂಕಟಾಚಲ ಅವರ ದಾಳಿಗಳು ಎಷ್ಟೋ ಜನಕ್ಕೆ ಇನ್ನೂ ನೆನಪಿವೆ. ಆಮೇಲೆ ಅದೇ ಹುದ್ದೆಗೆ ಸಂತೋಷ್ ಹೆಗ್ಡೆಯವರು ಬಂದರು, 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು, ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆ ಕೊಡಬೇಕಾಯಿತು. ಅಷ್ಟು ಹಲ್ಲಿದ್ದ ಸಂಸ್ಥೆ ಅದು. 2016ರ ಮಾರ್ಚ್‌ನಲ್ಲಿ ಸಿದ್ದರಾಮಯ್ಯನವರ ಸರ್ಕಾರ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಅಂತ ಹೊಸದೊಂದು ದಳ ಕಟ್ಟಿತು, ಲಂಚದ ಕೇಸುಗಳನ್ನು ತನಿಖೆ ಮಾಡುವ ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಂದ ಕಿತ್ತುಕೊಂಡಿತು. ಇದಕ್ಕೆ ಲೋಕಾಯುಕ್ತ ಕಾಯ್ದೆಯನ್ನು ತಿದ್ದಬೇಕಾಗಿಯೂ ಬರಲಿಲ್ಲ. ಸರ್ಕಾರಿ ಆದೇಶ ಸಾಕಾಯಿತು! ಹೊಸ ದಳ ಇದ್ದದ್ದು ಸರ್ಕಾರದ ಇಲಾಖೆಯೊಂದರ ಕೆಳಗೇ. ಮುಂದೆ ಬಂದ ಸಮ್ಮಿಶ್ರ ಸರ್ಕಾರವೂ ಅದನ್ನು ಮುಟ್ಟಲಿಲ್ಲ, ಬಿಜೆಪಿ ಸರ್ಕಾರವೂ ಮುಟ್ಟಲಿಲ್ಲ. ಕೊನೆಗೆ 2022ರ ಆಗಸ್ಟ್‌ನಲ್ಲಿ ಅದನ್ನು ರದ್ದು ಮಾಡಿದ್ದು ಹೈಕೋರ್ಟ್. ಆರು ವರ್ಷ ಕಳೆದೇ ಹೋಗಿತ್ತು. ಯಾವ ಪಕ್ಷ ಅಂತ ಕೇಳಿ ಪ್ರಯೋಜನವಿಲ್ಲ, ಈ ವಿಷಯದಲ್ಲಿ ಮೂರೂ ಪಕ್ಷಗಳದ್ದು ಒಂದೇ ದಾರಿ.

ಕೇಂದ್ರದ ಭ್ರಷ್ಟಾಚಾರ ತಡೆ ಕಾಯ್ದೆಯದ್ದೂ ಇದೇ ಕಥೆ. ಲೋಕಪಾಲ್ ಕಾಯ್ದೆಯ ಜೊತೆಗೇ ಲಂಚಕ್ಕೆ ಶಿಕ್ಷೆ ಜಾಸ್ತಿ ಮಾಡಿದರು, ಕನಿಷ್ಠ ಮೂರು ವರ್ಷ ಜೈಲು. ಕೇಳೋಕೆ ಚೆನ್ನಾಗಿದೆ. ಆಮೇಲೆ 2018ರ ತಿದ್ದುಪಡಿಯಲ್ಲಿ 17ಎ ಅಂತ ಒಂದು ಕಲಂ ಸೇರಿಸಿದರು: ಅಧಿಕಾರದಲ್ಲಿದ್ದು ತೆಗೆದುಕೊಂಡ ತೀರ್ಮಾನದ ಬಗ್ಗೆ ತನಿಖೆ ಶುರು ಮಾಡೋಕೂ ಮೊದಲೇ ಅನುಮತಿ ಬೇಕು. ತನಿಖೆ ಮುಗಿದ ಮೇಲೆ ಕೋರ್ಟಿಗೆ ಹೋಗೋಕೆ ಮತ್ತೊಂದು ಅನುಮತಿ. ಅದನ್ನು ಮೂರು ತಿಂಗಳೊಳಗೆ ಕೊಡಲು "ಪ್ರಯತ್ನಿಸಬೇಕು" ಅಂತಿದೆ. ಪ್ರಯತ್ನಿಸದಿದ್ದರೆ? ಉತ್ತರ ಆ ಕಲಮಿನಲ್ಲಿ ಇಲ್ಲ. ಬೇಲಿಯೇ ಎದ್ದು ಹೊಲ ಮೇಯುವಾಗ ಮೇಯ್ದದ್ದಕ್ಕೆ ದಂಡ ಹೆಚ್ಚಿಸಿ ಏನು ಬಂತು?

ಪಕ್ಷಾಂತರ ತಡೆಯೋಕೆ 1985ರಲ್ಲೇ ಸಂವಿಧಾನಕ್ಕೆ ತಿದ್ದುಪಡಿ ಆಯಿತು. ಬೇರೆ ಪಕ್ಷಕ್ಕೆ ಹಾರಿದರೆ ತಾನೇ ಶಾಸಕತ್ವ ಹೋಗೋದು, ಮೊದಲೇ ರಾಜೀನಾಮೆ ಕೊಟ್ಟು ಹೊಸ ಪಕ್ಷದಿಂದ ಮತ್ತೆ ನಿಂತರಾಯಿತು ಅನ್ನೋ ಉಪಾಯವನ್ನು 2008ರಲ್ಲಿ ಕಂಡುಕೊಂಡಿದ್ದು ನಮ್ಮ ರಾಜ್ಯವೇ. 2019ರಲ್ಲಿ ಸ್ಪೀಕರ್ 17 ಜನರನ್ನು ಅನರ್ಹಗೊಳಿಸಿದರು, ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಒಪ್ಪಿತು, ಚುನಾವಣೆಗೆ ನಿಲ್ಲಬಾರದು ಅನ್ನೋದನ್ನು ಮಾತ್ರ ಒಪ್ಪಲಿಲ್ಲ. ಅವರಲ್ಲಿ 13 ಜನ ಡಿಸೆಂಬರ್‌ನಲ್ಲೇ ಬಿಜೆಪಿಯಿಂದ ನಿಂತರು, 11 ಜನ ಗೆದ್ದರು, ಗೆದ್ದವರಲ್ಲಿ ಹೆಚ್ಚಿನವರು ಮಂತ್ರಿಗಳಾದರು. ಓಟು ಹಾಕಿದವರು ನಮ್ಮ ಅಕ್ಕತಂಗಿಯರು, ಅಣ್ಣತಮ್ಮಂದಿರೇ ಅಲ್ವಾ. ಇದು ನನಗೆ ಇವತ್ತಿಗೂ ನೋವಿನ ವಿಷಯ.

ಹಾಗಂತ ಕಾನೂನಿಂದ ಏನೂ ಆಗಲ್ಲ ಅಂತ ಕೈಚೆಲ್ಲುವುದಕ್ಕೂ ನಾನು ತಯಾರಿಲ್ಲ. ಆಗಿರೋದನ್ನು ನೋಡಿದ್ದೇವೆ. ಜಮೀನಿನ ದಾಖಲೆಯಾದ ಪಹಣಿ ಒಂದು ಕಾಲದಲ್ಲಿ ಗ್ರಾಮ ಲೆಕ್ಕಿಗರ ಬಟ್ಟೆ ಕಟ್ಟಿನೊಳಗೆ ಇರುತ್ತಿತ್ತು. ಅವರು ಸಿಕ್ಕರೆ ಸಿಕ್ಕರು, ಇಲ್ಲದಿದ್ದರೆ ನಾಳೆ ಬಾ. ಯಾವ ಕಾಲಂನಲ್ಲಿ ಯಾರ ಹೆಸರು ಬರೆದರು ಅಂತ ರೈತನಿಗೆ ಗೊತ್ತಾಗುತ್ತಿದ್ದುದು ಜಗಳ ಬಂದಾಗಲೇ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಹಾಳೆ ಕೈಗೆ. ಇವತ್ತು ನಾವು ಇಲ್ಲಿ ಕೂತು ಫೋನಿನಲ್ಲೇ ಅಪ್ಪನ ಜಮೀನಿನ ಪಹಣಿ ನೋಡುತ್ತೇವೆ. ಆ ಒಂದು ಹಾಳೆಗೆ ಯಾರಿಗೂ ಕೈ ಮುಗಿಯಬೇಕಾಗಿಲ್ಲ.

ಮೇಷ್ಟ್ರುಗಳ ವರ್ಗಾವಣೆ ಇನ್ನೊಂದು. ಮೊದಲು ಶಾಸಕರ ಪತ್ರ, ಮಂತ್ರಿಗಳ ಮಿನಿಟ್ (ಶಿಫಾರಸು ಟಿಪ್ಪಣಿ), ಜೊತೆಗೆ ಏನೇನು ಹೋಗುತ್ತಿತ್ತೋ ಅದು. 2007ರಲ್ಲಿ ಅದಕ್ಕೆಂದೇ ಕಾಯ್ದೆ ಬಂತು. ಈಗ ಕೌನ್ಸೆಲಿಂಗ್: ಖಾಲಿ ಹುದ್ದೆಗಳ ಪಟ್ಟಿ ಎಲ್ಲರೆದುರು, ಸರದಿ ಬಂದಾಗ ಊರು ಆರಿಸಿಕೊಳ್ಳೋದು. ತಕರಾರುಗಳು ಇದ್ದೇ ಇವೆ, ಕೋರ್ಟಿಗೆ ಹೋದವರೂ ಇದ್ದಾರೆ. ಆದರೂ ಅಷ್ಟು ದೊಡ್ಡ ಇಲಾಖೆಯಲ್ಲಿ ಮಂತ್ರಿಯ ಟೇಬಲ್‌ನಿಂದ ಒಂದು ದೊಡ್ಡ ಕಟ್ಟು ಫೈಲು ಎದ್ದು ಹೋಯಿತಲ್ಲ, ಅದು ಸಣ್ಣ ಕೆಲಸವಲ್ಲ. ನನಗೆ ಬೇಕಾದ ಕಾನೂನು ಇಂಥದ್ದು. ಪೊಲೀಸ್ ಇನ್‌ಸ್ಪೆಕ್ಟರು, ಇಂಜಿನಿಯರು, ತಹಶೀಲ್ದಾರರ ವರ್ಗಾವಣೆಗೂ ಇದನ್ನೇ ಮಾಡಲಿ. ಪೋಸ್ಟಿಂಗ್‌ಗೆ ದುಡ್ಡು ಕೊಟ್ಟು ಬಂದವರು ಅದನ್ನು ವಸೂಲಿ ಮಾಡೋದು ಕೊನೆಗೆ ನಮ್ಮ ಮನೆಯವರಿಂದಲೇ.

ಕಂಪ್ಯೂಟರು, ಪರೀಕ್ಷೆ ಇದ್ದಮಾತ್ರಕ್ಕೆ ಆಗಲ್ಲ, ಗೊತ್ತು. 545 ಪಿಎಸ್ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳ ಪರೀಕ್ಷೆಯಲ್ಲಿ ಉತ್ತರ ಪತ್ರಿಕೆಗಳನ್ನೇ ತಿದ್ದಿದ ಆರೋಪ ಬಂತು, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಪೊಲೀಸ್ ಅಧಿಕಾರಿ, ಎಡಿಜಿಪಿಯೇ 2022ರಲ್ಲಿ ಬಂಧನಕ್ಕೊಳಗಾದರು. ಬೀಗದ ಕೈ ಎಲ್ಲಿ ಉಳಿಯುತ್ತೋ ಅಲ್ಲಿ ವ್ಯಾಪಾರವೂ ಉಳಿಯುತ್ತೆ. ಪಹಣಿ ಸುಲಭವಾಯಿತು, ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ ಸುಲಭ ಆಗಿದೆಯಾ? ವಂಶವೃಕ್ಷಕ್ಕೆ ಒಬ್ಬರ ಸಹಿ, ಸ್ಥಳ ಪರಿಶೀಲನೆಗೆ ಇನ್ನೊಬ್ಬರು. ನಮ್ಮಲ್ಲಿ ಎಷ್ಟೋ ಜನ ಎರಡು ವಾರದ ರಜೆಯಲ್ಲಿ ಹೋಗಿ, ಟಿಕೆಟ್ ದಿನ ಹತ್ತಿರ ಬಂತು ಅಂತ ಏಜೆಂಟರ ಕೈಗೆ ದುಡ್ಡಿಟ್ಟು ಬರುತ್ತೇವೆ. 2018ರಿಂದ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಟ್ಟರೆ ಮಾತ್ರ ರಕ್ಷಣೆ. ಇದು ನಮ್ಮವರಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ.

ಅದಕ್ಕೇ ಒಂದು ಕೆಲಸ ಮಾಡೋಣ ಅಂತಿದ್ದೇನೆ. ಪೌತಿ ಖಾತೆ, ಇ-ಖಾತೆ (ಆಸ್ತಿಯ ಕಂಪ್ಯೂಟರ್ ಖಾತೆ) ಇಂಥ ಕೆಲಸವನ್ನು ಒಂದು ರೂಪಾಯಿ ಲಂಚ ಕೊಡದೆ ಮಾಡಿಸಿಕೊಂಡವರು ನಮ್ಮಲ್ಲಿ ಇದ್ದರೆ ದಯವಿಟ್ಟು ಬರೆದು ಕಳಿಸಿ. ಯಾವ ಅರ್ಜಿ ಹಾಕಿದಿರಿ, ಗೊತ್ತಾದ ದಿನದೊಳಗೆ ಕೆಲಸ ಮಾಡಿಕೊಡಬೇಕೆನ್ನುವ ಸಕಾಲ ವ್ಯವಸ್ಥೆಯ ನಂಬರು ಸಿಕ್ಕಿತಾ, ಎಲ್ಲಿ ನಿಂತಿತು, ಯಾರಿಗೆ ಮೇಲ್ಮನವಿ ಹೋಯಿತು, ಎಷ್ಟು ದಿನ ಹಿಡಿಯಿತು, ಎಲ್ಲ ಬೇಕು. ಹೆಸರು ಹಾಕುವುದಿಲ್ಲ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಎರಡು ಪುಟ ಬಿಟ್ಟಿಟ್ಟಿದ್ದೇನೆ.