ತೋಟಕ್ಕೆ ಮರಳಿದ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಬೆಂಗಳೂರಿನ ಕೆಲಸ ಬಿಟ್ಟು ಅಪ್ಪನ ಕಾಫಿ ತೋಟ ನೋಡಿಕೊಳ್ಳಲು ಊರಿಗೆ ಮರಳಿದ ನಿನ್ನನ್ನು ಧರ್ಮಕೇಂದ್ರದ ಸೇವಾ ಸಮಿತಿಯ ಮುಂದಾಳಾಗಿ ಆರಿಸಿದ್ದಾರೆಂದು ತಿಳಿದು ನನಗೆ ನಿಜವಾಗಿಯೂ ಸಂತೋಷವಾಯಿತು. ಭಾನುವಾರದ ಬಲಿಪೂಜೆಯಲ್ಲಿ ಒಪ್ಪಿಕೊಳ್ಳುವ ವಿಶ್ವಾಸವನ್ನು ವಾರದ ಉಳಿದ ದಿನಗಳಿಗೆ ಹೇಗೆ ತರುವುದು, ಸೇವೆಯನ್ನು ಎಲ್ಲಿಂದ ಆರಂಭಿಸುವುದು ಎಂದು ಕೇಳಿದ್ದೀಯ. ಕ್ರಿಸ್ಮಸ್ಸಿಗೆ ಮುಂಚೆ ಹತ್ತಿರದ ಹಾಡಿಯಲ್ಲಿ, ಎಂದರೆ ಬುಡಕಟ್ಟಿನವರ ಕೇರಿಯಲ್ಲಿ, ಕಂಬಳಿ ಹಂಚುವ ಯೋಚನೆ ಸಮಿತಿಗಿದೆ ಎಂದೂ ಬರೆದಿದ್ದೀಯ. ಕಂಬಳಿ ಬೇಡವೆಂದು ನಾನು ಖಂಡಿತ ಹೇಳುವುದಿಲ್ಲ. ನಮ್ಮ ಡಿಸೆಂಬರಿನ ಚಳಿ ಎಂಥದೆಂದು ಇಬ್ಬರಿಗೂ ಗೊತ್ತು. ಆದರೆ ಏನನ್ನಾದರೂ ಕೊಡಲು ಹೊರಡುವ ಮೊದಲು, ನಮ್ಮಿಂದ ಸಲ್ಲಬೇಕಾದದ್ದು ಸಲ್ಲಬೇಕಾದವರಿಗೆ ಸಂದಿದೆಯೇ ಎಂದು ನೋಡಬೇಕು ಎಂಬುದು ನನ್ನ ನಂಬಿಕೆ, ಮತ್ತು ಈ ಪತ್ರದಲ್ಲಿ ನಾನು ಬರೆಯಬೇಕೆಂದಿರುವುದೆಲ್ಲ ಅದನ್ನು ಕುರಿತೇ ಇದೆ.

ಈ ಕೊಡಗು ನಾಡಿನಲ್ಲಿ ಕ್ರೈಸ್ತರಾದ ನಾವು ಹೇಗೆ ನೆಲೆ ಕಂಡೆವು ಎಂಬುದನ್ನು ಒಮ್ಮೆ ನೆನೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಕರಾವಳಿಯಿಂದ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದ ಕ್ರೈಸ್ತರಲ್ಲಿ ಕೆಲವರು ತಪ್ಪಿಸಿಕೊಂಡು ಕೊಡಗಿನ ಕಾಡಿಗೆ ಬಂದಾಗ, ಅವರಿಗೆ ಆಶ್ರಯ ಕೊಟ್ಟವನು ದೊಡ್ಡ ವೀರರಾಜೇಂದ್ರ, ಲಿಂಗಾಯತ ಮನೆತನದ ಅರಸ. ಅವನು ಕಟ್ಟಿಸಿದ ವಿರಾಜಪೇಟೆಯಲ್ಲಿ, 1792ರಲ್ಲಿ, ಅವನದೇ ಆಸರೆಯಲ್ಲಿ ಸಂತ ಅನ್ನಮ್ಮನವರ ದೇವಾಲಯ ಆರಂಭವಾಯಿತು. ಬಂದವರ ಕೈಯಲ್ಲಿ ದುಡ್ಡಿರಲಿಲ್ಲ, ಇದು ನಮ್ಮ ನೆಲ ಎಂದು ತೋರಿಸಲು ಕಾಗದವಿರಲಿಲ್ಲ, ಅರಸನ ಧರ್ಮಕ್ಕೂ ಅವರ ಧರ್ಮಕ್ಕೂ ಸಂಬಂಧವಿರಲಿಲ್ಲ. ಆದರೂ ನೆಲ ಸಿಕ್ಕಿತು. ಇಸ್ರಯೇಲರಿಗೆ ದೇವರು ಮತ್ತೆ ಮತ್ತೆ ನೆನಪಿಸಿದ್ದು ಇದನ್ನೇ: ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ, ಆದ್ದರಿಂದ ನಿಮ್ಮ ನಡುವಿನ ಪರದೇಶಿಯನ್ನು ನೋಯಿಸಬೇಡಿ. ಹಾಡಿಯ ಎರವ ಬುಡಕಟ್ಟಿನವನ ಮುಂದೆಯೋ ಅಸ್ಸಾಮಿನಿಂದ ಕೂಲಿಗೆ ಬಂದ ಹುಡುಗನ ಮುಂದೆಯೋ ಕಂಬಳಿ ಹಿಡಿದು ನಿಂತಾಗ ನಾವು ಮೇಲಿನಿಂದ ಕೆಳಕ್ಕೆ ಕೈ ಚಾಚುತ್ತಿಲ್ಲ. ಹಳೆಯ ಋಣದ ಒಂದು ಕಂತನ್ನು, ಅದೂ ಬಹಳ ತಡವಾಗಿ, ತೀರಿಸುತ್ತಿದ್ದೇವೆ.

ಇನ್ನು ನಿನ್ನ ತೋಟದ ಮಾತು. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ವಾರದ ಉಳಿದ ದಿನಗಳಲ್ಲಿ ನಿನ್ನ ವಿಶ್ವಾಸ ಕಾಣಿಸಿಕೊಳ್ಳುವ ಜಾಗ ಅದು. ಕೊಯ್ಲಿನ ಸಮಯದಲ್ಲಿ ಬೆಳಗಿನಿಂದ ಗಿಡದಿಂದ ಗಿಡಕ್ಕೆ ಹಣ್ಣು ಕುಯ್ದ ಹೆಂಗಸರು ಸಂಜೆ ಚೀಲ ಹೊತ್ತು ತಂದು ತಕ್ಕಡಿಯ ಮುಂದೆ ಸಾಲು ನಿಲ್ಲುತ್ತಾರೆ. ಕೆ.ಜಿ. ಲೆಕ್ಕದಲ್ಲಿ ಕುಯ್ಯುವವರ ಇಡೀ ದಿನದ ಬೆವರು ತೋಟದ ಗುಮಾಸ್ತ, ಎಂದರೆ ರೈಟರ್, ಪುಸ್ತಕದಲ್ಲಿ ಬರೆಯುವ ಒಂದು ಅಂಕಿಯಾಗುತ್ತದೆ. ಚೀಲದ ತೂಕಕ್ಕೆಂದು, ಎಲೆಗೆಂದು, ಕಾಯಿಗೆಂದು ಎಷ್ಟು ಕಳೆಯಲಾಗುತ್ತದೆ, ಕಳೆಯುವುದನ್ನು ಅವರಿಗೆ ಹೇಳಿ ಕಳೆಯಲಾಗುತ್ತದೆಯೇ, ಅಂಕಿ ಓದಲು ಬಾರದವಳಿಗೆ ಯಾರಾದರೂ ಗಟ್ಟಿಯಾಗಿ ಓದಿ ಹೇಳುತ್ತಾರೆಯೇ ಎಂಬುದನ್ನು ನೀನು ಖುದ್ದಾಗಿ ನಿಂತು ನೋಡಬೇಕು. ಮೋಸದ ತಕ್ಕಡಿ ದೇವರಿಗೆ ಅಸಹ್ಯವೆಂದು ಬೈಬಲಿನ ಜ್ಞಾನೋಕ್ತಿಗಳಲ್ಲಿ ಬರೆದಿದೆ. ಅಲ್ಲಿ ಅದನ್ನು ವ್ಯಾಪಾರದ ಸಲಹೆಯಾಗಿ ಹೇಳಿಲ್ಲ, ಪೂಜೆಗೆ ಸಂಬಂಧಿಸಿದ ವಿಷಯದಷ್ಟೇ ಗಂಭೀರವಾಗಿ ಹೇಳಿದೆ. ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮೊದಲೇ ಕೊಡು, ಅವನು ಬಡವ, ಅವನ ಜೀವ ಅದನ್ನೇ ನೆಚ್ಚಿಕೊಂಡಿದೆ ಎಂದು ಮೋಶೆಯ ಧರ್ಮಶಾಸ್ತ್ರ ಹೇಳುತ್ತದೆ. ಸಂತ ಯಕೋಬನಂತೂ ತನ್ನ ಪತ್ರದ ಐದನೆಯ ಅಧ್ಯಾಯದಲ್ಲಿ, ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತಿದೆ, ಆ ಕೂಗು ದೇವರ ಕಿವಿ ಮುಟ್ಟಿದೆ ಎನ್ನುತ್ತಾನೆ. ಕ್ರಿಯೆಯಿಲ್ಲದ ವಿಶ್ವಾಸ ಸತ್ತದ್ದು ಎಂಬ ಅವನ ಮಾತನ್ನು ನಾವು ಮೇಲಿಂದ ಮೇಲೆ ಕೇಳುತ್ತೇವೆ. ಅದೇ ಪತ್ರದ ಈ ಮಾತನ್ನು ತೋಟಗಳ ನಾಡಿನಲ್ಲಿ ಅಷ್ಟು ಸಲ ಕೇಳುವುದಿಲ್ಲವೆಂಬುದು ನನಗೆ ನೋವಿನ ಸಂಗತಿ.

ಮುಂಗಡದ ವಿಷಯದಲ್ಲಿಯೂ ಎಚ್ಚರವಾಗಿರು. ಜೀತ ಪದ್ಧತಿಯನ್ನು 1976ರ ಕಾನೂನು ರದ್ದು ಮಾಡಿತು, ಆದರೆ ಮದುವೆಗೋ ಆಸ್ಪತ್ರೆಗೋ ತೆಗೆದುಕೊಂಡ ಸಾಲ ತೀರುವವರೆಗೆ ಬೇರೆಲ್ಲಿಯೂ ಹೋಗುವಂತಿಲ್ಲ ಎಂಬ ಭಯ ಕಾನೂನಿನ ಪುಸ್ತಕವನ್ನು ಓದಿ ಹೊರಟುಹೋಗುವಂಥದ್ದಲ್ಲ. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್, ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ತಂದವನು, 1853ರಲ್ಲಿ ಕೊಡಗಿಗೆ ಬಂದು ಅಮ್ಮತ್ತಿಯ ಹತ್ತಿರ ಆನಂದಪುರವನ್ನು ಕಟ್ಟಿದನಲ್ಲ, ಅಲ್ಲಿ ನೆಲೆಸಿದವರು ಪೀಳಿಗೆಗಳಿಂದ ಒಡೆಯರ ಜಮೀನಿಗೆ ಕಟ್ಟುಬಿದ್ದಿದ್ದ ದಲಿತ ಕುಟುಂಬಗಳವರು. ಮಿಷನರಿಗಳ ಮತಪ್ರಚಾರದ ಬಗ್ಗೆ ಯಾರಿಗೆ ಯಾವ ಅಭಿಪ್ರಾಯವಾದರೂ ಇರಲಿ, ಆ ಜನರನ್ನು ಯಾರದೋ ಆಸ್ತಿಯೆಂದು ಎಣಿಸದೆ ಮನುಷ್ಯರೆಂದು ಎಣಿಸಿದ ಆ ಕೆಲಸವನ್ನು ನಾನು ಗೌರವಿಸುತ್ತೇನೆ. ನಿನ್ನ ತೋಟದಲ್ಲಿ ಸಾಲ ಇರುವವನೂ ತಲೆಯೆತ್ತಿ ಮಾತನಾಡುವಂತಿರಬೇಕು, ಬೇಕೆಂದಾಗ ಕೆಲಸ ಬಿಡುವಂತಿರಬೇಕು.

ತೋಟದ ಕೆಲಸದವರು ವಾಸಿಸುವ ಲೈನ್‌ಮನೆಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಕುಡಿಯುವ ನೀರು, ಶೌಚಾಲಯ, ವಾಸಕ್ಕೆ ಯೋಗ್ಯವಾದ ಮನೆ, ಔಷಧೋಪಚಾರ ಇವೆಲ್ಲ ತೋಟದವರ ಹೊಣೆಯೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಬರೆದಿಟ್ಟಿತು. ಕಾನೂನು ಹೇಳಿದಷ್ಟನ್ನು ಮಾಡಿ ಅದನ್ನು ಸೇವೆ ಎಂದು ಕರೆಯಬಾರದು ಎಂಬುದಷ್ಟೇ ನನ್ನ ವಿನಂತಿ. ಮಳೆಗಾಲದಲ್ಲಿ ಸೋರುವ ಮಾಡಿನ ಕೆಳಗೆ ಮಲಗಿದವನಿಗೆ ಕ್ರಿಸ್ಮಸ್ಸಿನಲ್ಲಿ ಕಂಬಳಿ ಕೊಟ್ಟರೆ ಅವನು ಕೈಮುಗಿದು ತೆಗೆದುಕೊಳ್ಳುತ್ತಾನೆ, ಏಕೆಂದರೆ ಅವನಿಗೆ ಬೇರೆ ದಾರಿಯಿಲ್ಲ.

ಈಗ ಸಮಿತಿಯ ಕೆಲಸಕ್ಕೆ ಬರುತ್ತೇನೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜಾರಿ ಮನೆ ತೋಟಗಳೆಲ್ಲ ಕೆಸರಿನಲ್ಲಿ ಹೋದಾಗ ಶಾಲೆಗಳೂ ಸಮುದಾಯ ಭವನಗಳೂ ಪರಿಹಾರ ಕೇಂದ್ರಗಳಾದವು. ಕೊಡವ, ಗೌಡ, ಬ್ಯಾರಿ, ಮಾಪಿಳ್ಳೆ, ಕ್ರೈಸ್ತ ಎಂದು ನೋಡದೆ ಜನ ಒಬ್ಬರಿಗೊಬ್ಬರು ಬಡಿಸಿದರು. ಆ ದಿನಗಳ ಬಗ್ಗೆ ನನಗೆ ಈಗಲೂ ಹೆಮ್ಮೆಯಿದೆ. ಮುಂದಿನ ವರ್ಷ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಯ ನದಿದಂಡೆಯ ಮನೆಗಳಿಗೆ ನುಗ್ಗಿದಾಗಲೂ ಹಾಗೆಯೇ ಆಯಿತು. ಆದರೆ ಪರಿಹಾರವೆಂಬುದು ಕಾಗದವನ್ನು ಹಿಂಬಾಲಿಸುತ್ತದೆ. ಜಮೀನಿನ ಪಹಣಿ, ಮನೆಯ ಹಕ್ಕುಪತ್ರ, ಪಡಿತರ ಚೀಟಿ ಇದ್ದವರ ಹೆಸರು ಪಟ್ಟಿಯಲ್ಲಿ ಸುಲಭವಾಗಿ ಸೇರುತ್ತದೆ. ಇನ್ನೊಬ್ಬರ ತೋಟದ ಲೈನಿನಲ್ಲಿ ಇದ್ದವರಿಗೆ, ನದಿ ಪುರಂಬೋಕಿನಲ್ಲಿ, ಎಂದರೆ ದಂಡೆಯ ಸರ್ಕಾರಿ ನೆಲದಲ್ಲಿ, ಗುಡಿಸಲು ಹಾಕಿಕೊಂಡವರಿಗೆ ತೋರಿಸಲು ಏನೂ ಇರುವುದಿಲ್ಲ. ಅವರು ಕಳೆದುಕೊಂಡದ್ದು ಪಾತ್ರೆ, ಬಟ್ಟೆ, ಮಕ್ಕಳ ಪುಸ್ತಕ. ಅವಕ್ಕೆ ಸರ್ವೆ ನಂಬರು ಇರುವುದಿಲ್ಲ.

ಇಂಥ ಸ್ಥಿತಿ ಆದಿ ಧರ್ಮಸಭೆಗೂ, ಎಂದರೆ ಮೊದಲ ಕ್ರೈಸ್ತರ ಸಮುದಾಯಕ್ಕೂ, ಬಂದಿತ್ತು. ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ಈ ಸಲ ಸಮಿತಿಯ ಮೊದಲ ಸಭೆಯಲ್ಲಿ ಓದಿಸು. ಜೆರುಸಲೇಮಿನಲ್ಲಿ ದಿನನಿತ್ಯದ ಆಹಾರ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ಗೊಣಗಾಟ ಹುಟ್ಟಿತು. ಪ್ರೇಷಿತರು, ಎಂದರೆ ಯೇಸುವಿನ ಆಪ್ತ ಶಿಷ್ಯರು, ದೂರಿದವರನ್ನು ಗದರಿಸಲಿಲ್ಲ, ಪ್ರಾರ್ಥನೆ ಮಾಡಿ ಸುಮ್ಮನಿರಿ ಎಂದೂ ಹೇಳಲಿಲ್ಲ. ಹಂಚಿಕೆಯನ್ನು ನೋಡಿಕೊಳ್ಳಲು ಏಳು ಜನರನ್ನು ಆರಿಸಲು ಹೇಳಿದರು. ಆ ಏಳು ಹೆಸರುಗಳನ್ನು ಗಮನಿಸಿ ಓದು: ಸ್ತೆಫಾನ, ಫಿಲಿಪ್ಪ, ಪ್ರೊಖೋರ ಎಂದು ಸಾಗುವ ಪಟ್ಟಿಯ ಎಲ್ಲವೂ ಗ್ರೀಕ್ ಹೆಸರುಗಳು. ಯಾರ ಕಡೆಯವರು ಬಿಟ್ಟುಹೋಗಿದ್ದರೋ ಅವರ ಕಡೆಯವರ ಕೈಗೇ ಸೌಟನ್ನು ಕೊಟ್ಟರು ಎಂದೇ ನಾನು ಅದನ್ನು ಓದಿಕೊಂಡಿದ್ದೇನೆ. ನಿನ್ನ ಸಮಿತಿಯಲ್ಲಿ ತೋಟದ ಮಾಲೀಕರು, ಶಿಕ್ಷಕರು, ನಿವೃತ್ತ ನೌಕರರು ಇದ್ದಾರೆಂದು ಬರೆದಿದ್ದೀಯ. ಲೈನ್‌ಮನೆಯಿಂದ ಒಬ್ಬರೂ ಇಲ್ಲ. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾವ ಮಗು ಕೊಯ್ಲು ಶುರುವಾದ ಮೇಲೆ ಶಾಲೆಗೆ ಹೋಗದೆ ತಂಗಿಯನ್ನು ನೋಡಿಕೊಳ್ಳುತ್ತಿದೆ, ಆನೆ ತುಳಿದು ಸತ್ತವನ ಹೆಂಡತಿ ಪರಿಹಾರದ ಅರ್ಜಿ ಹಿಡಿದು ಯಾವ ಕಚೇರಿಗೆ ಅಲೆಯುತ್ತಿದ್ದಾಳೆ ಎಂಬುದು ಅಲ್ಲಿನವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ.

ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನಿಗೆ ನೆರವಾದ ಒಳ್ಳೆಯ ಸಮಾರ್ಯದವನ ಸಾಮತಿಯನ್ನು, ಯೇಸು ಹೇಳಿದ ಆ ಕಥೆಯನ್ನು, ನೀನು ನಿನ್ನ ಪತ್ರದಲ್ಲಿಯೇ ನೆನೆದಿದ್ದೀಯ. ಅದರಲ್ಲಿ ನನ್ನ ಮನಸ್ಸು ನಿಲ್ಲುವುದು ಕಡೆಯ ಭಾಗದಲ್ಲಿ. ಎಣ್ಣೆ, ದ್ರಾಕ್ಷಾರಸ ಹಾಕಿ ಗಾಯ ಕಟ್ಟಿದ ಮೇಲೆ ಅವನು ಆ ಮನುಷ್ಯನನ್ನು ಛತ್ರಕ್ಕೆ ಕರೆದೊಯ್ದು ಆರೈಕೆ ಮಾಡಿ, ಮರುದಿನ ಎರಡು ಬೆಳ್ಳಿಯ ನಾಣ್ಯಗಳನ್ನು, ಎಂದರೆ ಆ ಕಾಲದ ಎರಡು ದಿನಗಳ ಕೂಲಿಯನ್ನು, ಛತ್ರದವನಿಗೆ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗಿ ಬಂದಾಗ ಕೊಡುತ್ತೇನೆ ಎನ್ನುತ್ತಾನೆ. ಹಿಂದಿರುಗಿ ಬರುವ ಲೆಕ್ಕ ಅವನಿಗಿತ್ತು. ನಮ್ಮ ಬಹುಪಾಲು ಸೇವೆ ಮೊದಲ ವಾರಕ್ಕೆ ಮುಗಿಯುತ್ತದೆ. 2018ರಲ್ಲಿ ಲಾರಿಗಟ್ಟಲೆ ಹಳೆಯ ಬಟ್ಟೆ ಬಂದು ರಾಶಿ ಬಿದ್ದಿತ್ತು, ಆದರೆ ತಿಂಗಳುಗಳ ನಂತರ ಬಾಡಿಗೆ ಮನೆಯಲ್ಲಿ ಕುಳಿತು ಮಳೆಯ ಸದ್ದಿಗೆ ಬೆಚ್ಚುತ್ತಿದ್ದವರ ಬಳಿ ಹೋಗಿ ಕುಳಿತವರು ಬಹಳ ಕಡಿಮೆ. ಆದ್ದರಿಂದ ಕಾರ್ಯಕ್ರಮಗಳಿಗಿಂತ ಭೇಟಿಗಳನ್ನು ಗೊತ್ತುಮಾಡು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಝನಾಂ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ, ನಿಮ್ಮ ಧರ್ಮಸಭೆ ಬಡವರಿಗಾಗಿ ಈಗ ಏನು ಮಾಡುತ್ತಿದೆ ಎಂಬ ಸವಾಲಿಗೆ ಉತ್ತರವಾಗಿ ಸ್ನೇಹಿತರೊಡನೆ ಕಟ್ಟಿದ ಸಂತ ವಿನ್ಸೆಂಟ್ ದೆ ಪಾವ್ಲರ ಸಭೆ ಇಂದಿಗೂ ಅದೇ ರೀತಿಯಲ್ಲಿ ನಡೆಯುತ್ತದೆ: ಇಬ್ಬಿಬ್ಬರಾಗಿ ಬಡವರ ಮನೆಗೇ ಹೋಗುವುದು, ಕುಳಿತು ಮಾತನಾಡುವುದು, ಮತ್ತೆ ಹೋಗುವುದು.

ಹಾಡಿಗೆ ಹೋದರೆ ಜನ ಅನುಮಾನದಿಂದ ನೋಡುತ್ತಾರೆ, ಮತಾಂತರಕ್ಕೆ ಬಂದಿದ್ದಾರೆ ಎನ್ನುತ್ತಾರೆ ಎಂಬ ನಿನ್ನ ಆತಂಕ ನನಗೆ ಅರ್ಥವಾಗುತ್ತದೆ. ಇದಕ್ಕೆ ಮುಚ್ಚುಮರೆಯಿಲ್ಲದ ನಡೆಯೇ ಉತ್ತರ. ಅಕ್ಕಿಯ ಚೀಲದೊಡನೆ ಪ್ರಾರ್ಥನೆಯ ಪುಸ್ತಕ ಇಡಬೇಡ. ಪೂಜೆಗೆ ಬಂದವರಿಗೆ ಮೊದಲು, ಬಾರದವರಿಗೆ ಆಮೇಲೆ ಎಂಬ ಭೇದವನ್ನು ಯಾರೂ ಮಾಡದಂತೆ ನೋಡು. ಊರಿನ ಬೇರೆ ಸಂಘದವರು ಅದೇ ಕೆಲಸ ಮಾಡುತ್ತಿದ್ದರೆ ಅವರ ಜೊತೆ ಸೇರಿಕೋ. ಸಮಾರ್ಯದವನು ಗಾಯಗೊಂಡವನ ಜಾತಿಯನ್ನೂ ಕೇಳಲಿಲ್ಲ, ಎದ್ದ ಮೇಲೆ ನಮ್ಮವರು ಆರಾಧಿಸುವ ಬೆಟ್ಟಕ್ಕೆ ಬಂದು ಆರಾಧಿಸು ಎಂದೂ ಹೇಳಲಿಲ್ಲ. ಯಾರಾದರೂ ತಾವಾಗಿ, ನೀವು ಇದನ್ನೆಲ್ಲ ಏಕೆ ಮಾಡುತ್ತೀರಿ ಎಂದು ಕೇಳಿದರೆ ಪ್ರಭು ಯೇಸುವಿನ ಹೆಸರನ್ನು ಹೇಳಲು ಹಿಂಜರಿಯಬೇಡ. ನಮ್ಮ ವಿಶ್ವಾಸವನ್ನು ಬಚ್ಚಿಡಬೇಕಾಗಿಲ್ಲ, ಹೇರಬೇಕಾಗಿಯೂ ಇಲ್ಲ.

ಫೋಟೋ ವಿಷಯದಲ್ಲಿ ಮಾತ್ರ ನಾನು ಕಟುವಾಗಿಯೇ ಇದ್ದೇನೆ. ಬ್ಯಾನರಿನ ಮುಂದೆ ಒಬ್ಬ ಮುದುಕಿಯನ್ನು ನಿಲ್ಲಿಸಿ, ಅವಳ ಕೈಯಲ್ಲಿ ಕಂಬಳಿ ಇಟ್ಟು, ಐದಾರು ಜನ ಅದರ ಒಂದೊಂದು ಅಂಚನ್ನು ಹಿಡಿದು ಕ್ಯಾಮೆರಾ ನೋಡುವುದು ಅವಳಿಗೆ ಮಾಡುವ ಅವಮಾನ. ನಿಮ್ಮ ಸತ್ಕಾರ್ಯಗಳನ್ನು ಜನ ಕಂಡು ತಂದೆಯನ್ನು ಸ್ತುತಿಸಲಿ ಎಂದು ಹೇಳಿದ ಯೇಸುವೇ, ಅದೇ ಬೋಧನೆಯಲ್ಲಿ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದೂ ಹೇಳಿದರು. ಎರಡೂ ಒಟ್ಟಿಗೆ ನಿಲ್ಲಬೇಕಾದರೆ ಜನರಿಗೆ ಕಾಣಬೇಕಾದದ್ದು ದುರಸ್ತಿಯಾದ ಮಾಡು, ಶಾಲೆಗೆ ಹೊರಟ ಮಗು, ಸರಿಯಾದ ಬಟವಾಡೆ, ಕೊಟ್ಟವರ ಮುಖವಲ್ಲ. ಸಮಿತಿಯಲ್ಲಿ ಇದಕ್ಕೆ ವಿರೋಧ ಬರಬಹುದು, ದಾನಿಗಳಿಗೆ ಲೆಕ್ಕ ತೋರಿಸಬೇಕು ಎನ್ನಬಹುದು. ಲೆಕ್ಕವನ್ನು ಪುಸ್ತಕದಲ್ಲಿ ಪೈಸೆ ಬಿಡದೆ ತೋರಿಸು.

ಇಷ್ಟು ಬರೆದ ಮೇಲೆ ಕೈಗೆತ್ತಿಕೊಳ್ಳಬೇಕಾದ ಕೆಲಸಗಳನ್ನೂ ಹೇಳಿಬಿಡುತ್ತೇನೆ. ಕೊಯ್ಲು ಜೋರಾಗುವ ಮುಂಚೆ ನಿನ್ನ ತಕ್ಕಡಿಯನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯವರಿಂದ ಪರೀಕ್ಷಿಸಿ ಮುದ್ರೆ ಹಾಕಿಸು, ತೂಕದ ಅಂಕಿಯನ್ನು ಕುಯ್ದವಳಿಗೆ ಕೇಳುವಂತೆ ಓದಿ ಹೇಳಬೇಕೆಂದು ರೈಟರಿಗೆ ತಿಳಿಸು. ಬಟವಾಡೆಯನ್ನು ಸಂತೆಯ ದಿನಕ್ಕೆ ಮುಂಚೆಯೇ ಮುಗಿಸು, ಇಲ್ಲದಿದ್ದರೆ ಅವರು ಅಂಗಡಿಯಲ್ಲಿ ಕಡ ಹೇಳಬೇಕಾಗುತ್ತದೆ. ಕಂಬಳಿಗಳನ್ನು ಖಂಡಿತ ಕೊಡಿ, ಆದರೆ ವೇದಿಕೆಯಿಲ್ಲದೆ, ಮನೆಮನೆಗೆ ಹೋಗಿ ಕೊಡಿ. ಸಮಿತಿಗೆ ಲೈನ್‌ಮನೆಯ ಇಬ್ಬರು ಹೆಂಗಸರನ್ನು ಸೇರಿಸಿಕೊಳ್ಳುವ ಮಾತನ್ನು ಫಾದರ್ ಹತ್ತಿರ ನೀನೇ ಎತ್ತು. ಸಭೆಯನ್ನು ಅವರ ಕೆಲಸ ಮುಗಿದ ಮೇಲೆ ಸಂಜೆ ಇಡು, ರಾತ್ರಿ ಆನೆ ದಾರಿಯಲ್ಲಿ ನಡೆದು ಹೋಗದಂತೆ ಜೀಪಿನಲ್ಲಿ ಮನೆ ತಲುಪಿಸು. ಮೊದಲ ಭೇಟಿಗೆ ಜೊತೆಗಾರ ಸಿಗದಿದ್ದರೆ ತಿಳಿಸು, ನಾನೇ ವಿರಾಜಪೇಟೆಯಿಂದ ಬಸ್ಸಿನಲ್ಲಿ ಬರುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಪ್ರಭುವಿನಲ್ಲಿ ನಿನ್ನ ಗೆಳೆಯ