ಓಡುವವರು ಬಾಯಿ ಕಟ್ಟಲೇಬೇಕೆ?

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ವಿಶ್ವ 10 ಕಿ.ಮೀ. ಓಟವು ಸಾಮಾನ್ಯವಾಗಿ ಏಪ್ರಿಲ್ ಇಲ್ಲವೇ ಮೇ ತಿಂಗಳಲ್ಲಿ ನಡೆಯುವುದರಿಂದ, ಅದಕ್ಕೆ ಹೆಸರು ಕೊಟ್ಟವರ ಅಭ್ಯಾಸವು ಸಂಕ್ರಾಂತಿಯ ಆಸುಪಾಸಿನಲ್ಲಿ ಶುರುವಾಗಿ, ಯುಗಾದಿ, ರಾಮನವಮಿಗಳನ್ನು ದಾಟಿ, ಮದುವೆಗಳ ಕಾಲದಲ್ಲಿ ಮುಗಿಯುತ್ತದೆ. ಎಳ್ಳು-ಬೆಲ್ಲ, ಹಿತಕಿದ ಬೇಳೆ ಸಾರು, ಹೋಳಿಗೆ, ಮಾವಿನ ಸೀಕರಣೆ ಎಲ್ಲವೂ ಸಾಲಾಗಿ ಎದುರಾಗುವ ಈ ತಿಂಗಳುಗಳಲ್ಲಿ, ಆರೋಗ್ಯ ಅಂಕಣಗಳಲ್ಲೂ ಮೊಬೈಲ್‌ಗಳಲ್ಲೂ ಓಟಗಾರರಿಗೆ ಸಿಗುವ ಸಲಹೆಯೆಂದರೆ ಅನ್ನ ಬಿಡಿ, ಬೆಲ್ಲ ಬಿಡಿ, ದೋಸೆಯ ತಂಟೆಗೆ ಹೋಗಬೇಡಿ ಎಂಬುದೇ. ದೈಹಿಕ ಶಿಕ್ಷಣ ಶಿಕ್ಷಕನಾಗಿ ನಿವೃತ್ತನಾಗಿ, ಈಗ ನಮ್ಮ ಬಡಾವಣೆಯ ಓಟಗಾರರೊಡನೆ ಲಾಲ್‌ಬಾಗ್‌ನಲ್ಲಿ ಬೆಳಗಿನ ಹೊತ್ತು ಕಳೆಯುವ ನನಗೆ, ಇಂತಹ ಸಲಹೆಗಳೇ ಬಾಯಿಚಪಲವನ್ನು ಹೆಚ್ಚಿಸುತ್ತಿವೆ ಎನಿಸುತ್ತದೆ.

ಬೆಳಗ್ಗೆ ಎಂಟು ಕಿಲೋಮೀಟರ್ ಓಡಿ, ಕಾಫಿ ಒಂದನ್ನೇ ಕುಡಿದು ಕಚೇರಿಗೆ ಹೋಗಿ, ಮಧ್ಯಾಹ್ನ ಡಬ್ಬಿಯಲ್ಲಿ ಸೌತೆಕಾಯಿ, ಮೊಳಕೆ ಕಾಳುಗಳನ್ನಷ್ಟೇ ತಿಂದವರು ಸಂಜೆ ಐದಕ್ಕೆ ಬೋಂಡದ ಬಾಣಲೆಯ ಮುಂದೆ ನಿಂತರೆ, ಅದನ್ನು ಮನಸ್ಸಿನ ದೌರ್ಬಲ್ಯ ಎನ್ನುವುದು ಅನ್ಯಾಯ. ನಮ್ಮ ಸ್ನಾಯುಗಳೂ ಯಕೃತ್ತೂ ಸೇರಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಳ್ಳುವ ಪಿಷ್ಟವು ಹೆಚ್ಚೆಂದರೆ ಸುಮಾರು 500 ಗ್ರಾಂ. ಓಟದಲ್ಲಿ ಅದರಲ್ಲಿ ಒಂದಷ್ಟು ಖರ್ಚಾಗುತ್ತದೆ. ಖರ್ಚಾದದ್ದನ್ನು ಬೆಳಗ್ಗೆಯೇ ತುಂಬಿಕೊಡದಿದ್ದರೆ ದೇಹ ಸಂಜೆ ತನ್ನ ಬಾಕಿಯನ್ನು ಕೇಳುತ್ತದೆ, ಕೇಳುವಾಗ ಎಣ್ಣೆಯನ್ನೂ ಸಕ್ಕರೆಯನ್ನೂ ಕೇಳುತ್ತದೆ. ಓಡಿ ಬಂದ ಒಂದು ಗಂಟೆಯೊಳಗೆ ಇಡ್ಲಿ-ಸಾಂಬಾರ್, ಕಾಳು ಹಾಕಿದ ಉಪ್ಪಿಟ್ಟು, ರೊಟ್ಟಿ-ಪಲ್ಯ, ಒಟ್ಟಿನಲ್ಲಿ ಮನೆಯಲ್ಲಿ ಇದ್ದುದನ್ನು ಹೊಟ್ಟೆ ತುಂಬ ತಿಂದು, ಮಧ್ಯಾಹ್ನ ಮುದ್ದೆ ಅಥವಾ ಅನ್ನದ ಜೊತೆಗೆ ಹುರುಳಿ ಸಾರೋ ಬಸ್ಸಾರೋ ಉಂಡವರು ಸಂಜೆ ಅದೇ ಅಂಗಡಿಯ ಮುಂದೆ ಸಲೀಸಾಗಿ ನಡೆದುಹೋಗುವುದನ್ನು ನಾನು ನೋಡುತ್ತಿದ್ದೇನೆ. ಆಸೆಪಟ್ಟು ನಿಂತರೂ ಅವರಿಗೆ ಎರಡು ಬೋಂಡ ಸಾಕಾಗುತ್ತದೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಪಂಥವೂ ಉಂಟು: ಓಡಿದ್ದೇವಲ್ಲ, ಇನ್ನು ಏನು ತಿಂದರೂ ಕರಗುತ್ತದೆ ಎನ್ನುವವರದು. ದೇಹದ ತೂಕದ ಪ್ರತಿ ಕಿಲೋಗೆ, ಓಡಿದ ಪ್ರತಿ ಕಿಲೋಮೀಟರಿಗೆ, ಸ್ಥೂಲವಾಗಿ ಒಂದು ಕಿಲೋಕ್ಯಾಲರಿ ಖರ್ಚಾಗುತ್ತದೆ ಎಂಬ ಲೆಕ್ಕದಲ್ಲಿ, 60 ಕೆ.ಜಿ. ತೂಕದವರು 10 ಕಿ.ಮೀ. ಓಡಿದರೆ ಸುಮಾರು 600 ಕಿಲೋಕ್ಯಾಲರಿ ವ್ಯಯವಾಗುತ್ತದೆ. ಪಿಷ್ಟದ ಒಂದು ಗ್ರಾಂ 4 ಕಿಲೋಕ್ಯಾಲರಿ ಕೊಟ್ಟರೆ ಎಣ್ಣೆ-ತುಪ್ಪಗಳ ಒಂದು ಗ್ರಾಂ 9 ಕೊಡುತ್ತದೆಯಾದ್ದರಿಂದ, ಬೆಣ್ಣೆ ಮಸಾಲೆ ದೋಸೆ, ಅದರ ಹಿಂದೆ ವಡೆ, ಅದರ ಹಿಂದೆ ಕೇಸರಿಬಾತ್ ಎಂದು ಕುಳಿತವರು ಬೆಳಗಿನ ಓಟವನ್ನೆಲ್ಲ ಹೋಟೆಲಿನ ಒಂದೇ ಮೇಜಿನಲ್ಲಿ ವಾಪಸು ಪಡೆದು ಏಳುತ್ತಾರೆ. ದೋಸೆಯ ಮೇಲೆ ನನಗೇನೂ ಹಗೆಯಿಲ್ಲ. ವಾರದ ದೀರ್ಘ ಓಟ ಮುಗಿದ ಭಾನುವಾರ ನಮ್ಮ ಗುಂಪು ದೋಸೆಗೆ ಹೋಗಿಯೇ ಹೋಗುತ್ತದೆ, ಬಿಲ್ಲು ಯಾರು ಕೊಡಬೇಕೆಂಬ ಜಗಳವೂ ನಡೆಯುತ್ತದೆ. ಮೂರು ಕಿಲೋಮೀಟರ್ ಕುಂಟುತ್ತಾ ಓಡಿದ ಮಂಗಳವಾರಕ್ಕೂ ಅದೇ ಬಹುಮಾನ ಬೇಕೆನ್ನುವುದಷ್ಟೇ ನನ್ನ ತಕರಾರು. ಹೋಳಿಗೆಯ ವಿಷಯವೂ ಹೀಗೆಯೇ. ಯುಗಾದಿಯಂದು ಎರಡು ಹೋಳಿಗೆಯನ್ನು ತುಪ್ಪದೊಡನೆ ತಿಂದವರಿಗೆ ಓಟ ಕೆಡುವುದಿಲ್ಲ; ಉಳಿದ ಹೂರಣ ವಾರವಿಡೀ ಫ್ರಿಜ್ಜಿನಲ್ಲಿದ್ದು, ಹಾದುಹೋದಾಗಲೆಲ್ಲ ಒಂದು ಚಮಚ ಬಾಯಿಗೆ ಹೋದರೆ ಕೆಡುತ್ತದೆ.

ಓಟದ ಹಿಂದಿನ ರಾತ್ರಿ ಪಾಸ್ತಾವನ್ನೋ ಅನ್ನವನ್ನೋ ಕಂಠಮಟ್ಟ ತಿನ್ನುವ ರೂಢಿಯೂ ಹಬ್ಬಿದೆ. 42.195 ಕಿ.ಮೀ.ಗಳ ಪೂರ್ಣ ಮ್ಯಾರಥಾನಿಗೆ ಪಿಷ್ಟವನ್ನು ಹೆಚ್ಚಾಗಿ ಕೂಡಿಟ್ಟುಕೊಳ್ಳುವುದರಲ್ಲಿ ಅರ್ಥವಿದೆ. ಒಂದು ಗಂಟೆಯಲ್ಲಿ, ಒಂದೂಕಾಲು ಗಂಟೆಯಲ್ಲಿ ಮುಗಿಯುವ 10 ಕಿ.ಮೀ.ಗೆ ದಿನನಿತ್ಯದ ಊಟವೇ ಸಾಕು. ಹಾಗೆಯೇ, ಒಳ್ಳೆಯ ಆಹಾರವೆಂದು ಓಟದ ಬೆಳಗ್ಗೆ ಸೊಪ್ಪು, ಹುರುಳಿಗಳನ್ನು ತಿಂದು ಹೊರಟರೆ, ನಾರಿನಂಶ ಹೊಟ್ಟೆಯಲ್ಲಿ ನಿಧಾನವಾಗಿ ಸಾಗಿ ದಾರಿಯಲ್ಲಿ ಫಜೀತಿಯಾಗಬಹುದು. ಆ ದಿನ ಎರಡು ಗಂಟೆ ಮುಂಚೆ ಎರಡು ಇಡ್ಲಿ ಅಥವಾ ಬಾಳೆಹಣ್ಣು ಒಳ್ಳೆಯದು.

ನನ್ನನ್ನು ನಿಜವಾಗಿ ಕಾಡುವುದು ತೂಕ ಇಳಿಸಲೆಂದೇ ಓಟಕ್ಕೆ ಬಂದು ಊಟವನ್ನೂ ಅರ್ಧಕ್ಕೆ ಇಳಿಸುವ ಹುಡುಗಿಯರ ಸ್ಥಿತಿ. ಖರ್ಚಿಗೆ ತಕ್ಕಷ್ಟು ತಿನ್ನದ ಕ್ರೀಡಾಪಟುಗಳಲ್ಲಿ ಮುಟ್ಟು ಏರುಪೇರಾಗುವುದು, ಮೂಳೆ ಸವೆಯುವುದು, ಮೂಳೆಯಲ್ಲಿ ಬಿರುಕು ಬಿಡುವುದು ಮುಂತಾದ ತೊಂದರೆಗಳನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿಯೇ ಒಟ್ಟುಗೂಡಿಸಿ ಎಚ್ಚರಿಸಿದ್ದಾರೆ. ಇದರ ಮೇಲೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಇಂಥವರಿಗೆ ಬಾಯಿ ಕಟ್ಟಿ ಎಂದು ಬರೆಯುವ ಅಂಕಣಕಾರರು, ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿಕೊಳ್ಳಿ, ಉಂಡ ಕೂಡಲೇ ಕಾಫಿ-ಟೀ ಕುಡಿಯಬೇಡಿ, ಕಬ್ಬಿಣಾಂಶ ಮೈಗೆ ಹಿಡಿಯಲಿ ಎಂದು ಬರೆದರೆ ಉಪಕಾರವಾದೀತು.

ಆದ್ದರಿಂದ ತಮ್ಮ ಪತ್ರಿಕೆಯು ಮುಂದಿನ ಓಟಕ್ಕೆ ಮೊದಲು ಆಹಾರದ ಮಾರ್ಗದರ್ಶಿಯನ್ನು ಪ್ರಕಟಿಸುವುದಾದರೆ, ಹಬ್ಬದ ದಿನಗಳನ್ನೂ ನಮ್ಮ ಅಡುಗೆಮನೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಕ್ರೀಡಾ ಪೌಷ್ಟಿಕ ತಜ್ಞರಿಂದಲೇ ಬರೆಸಬೇಕೆಂದು ಕೋರುತ್ತೇನೆ. ಓಟಗಳನ್ನು ಏರ್ಪಡಿಸುವವರು ಮುಕ್ತಾಯದ ಬಳಿ ಬಾಟಲಿ ಪಾನೀಯಗಳ ಪಕ್ಕದಲ್ಲಿ ರಾಮನವಮಿಯ ಪಾನಕವನ್ನೂ ಉಪ್ಪು ಹಾಕಿದ ನೀರುಮಜ್ಜಿಗೆಯನ್ನೂ ಇಡಬಹುದು. ಬೇಸಿಗೆಯಲ್ಲಿ ಬೆವರಿ ಬಂದವರಿಗೆ ಬೇಕಾದ ನೀರು, ಸಕ್ಕರೆ, ಉಪ್ಪು ಈ ಎರಡರಲ್ಲಿ ಸಿಗುತ್ತವೆ. ಸಕ್ಕರೆ ಕಾಯಿಲೆಯವರಿಗೆ ಮಾತ್ರ ಪಾನಕದ ಮಾತು ಅನ್ವಯಿಸದು. ಅವರು ಓಟಕ್ಕೂ ಊಟಕ್ಕೂ ಮೊದಲು ತಮ್ಮ ವೈದ್ಯರನ್ನು ಕೇಳಿಕೊಳ್ಳಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ಜಯನಗರ, ಬೆಂಗಳೂರು