ಕುಡಿದು ವಾಹನ ಚಲಾಯಿಸುವ ಕುರಿತು ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

"ಸ್ವಲ್ಪವೇ ಕುಡಿದಿದ್ದೇನೆ, ನಿಧಾನವಾಗಿ ಓಡಿಸಿಕೊಂಡು ಹೋಗುತ್ತೇನೆ" ಎನ್ನುವ ಮಾತನ್ನು ನಾವೆಲ್ಲರೂ ಕೇಳಿದ್ದೇವೆ, ಕೇಳಿಯೂ ಸುಮ್ಮನಿದ್ದೇವೆ. ಮದ್ಯವು ಕೈಕಾಲುಗಳ ಹಿಡಿತಕ್ಕಿಂತ ಮೊದಲೇ ವಿವೇಚನೆಯನ್ನು ಕೆಡಿಸುವುದರಿಂದ, ಕುಡಿದವರಿಗೆ ತಾವು ಸರಿಯಾಗಿಯೇ ಇದ್ದೇವೆ ಎನ್ನಿಸುತ್ತದೆ. ಆ ಭರವಸೆಯನ್ನು ನಂಬಿ ಯಾರೂ ಅವರ ಕೈಗೆ ಕೀಲಿ ಕೊಡಬಾರದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ವಾಹನವು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ರಸ್ತೆ ದಾಟುತ್ತಿರುವ ಮಗುವನ್ನು ಕಂಡು ಬ್ರೇಕ್ ಒತ್ತಲು ಅರ್ಧ ಸೆಕೆಂಡು ತಡವಾದರೂ, ಅಷ್ಟರಲ್ಲಿ ವಾಹನ 8 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ.

ಕಾಫಿ ಕುಡಿದರೆ ಅಥವಾ ಮುಖಕ್ಕೆ ತಣ್ಣೀರು ಎರಚಿಕೊಂಡರೆ ಅಮಲು ಇಳಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ನಿದ್ದೆ ದೂರವಾದೀತು, ಆದರೆ ಯಕೃತ್ತು ಮದ್ಯವನ್ನು ತನ್ನದೇ ಗತಿಯಲ್ಲಿ, ಸಾಮಾನ್ಯವಾಗಿ 100 ಮಿಲಿಲೀಟರ್ ರಕ್ತದಲ್ಲಿ ಗಂಟೆಗೆ ಸುಮಾರು 15 ಮಿಲಿಗ್ರಾಂನಷ್ಟು ಮಾತ್ರ ಕಡಿಮೆ ಮಾಡುತ್ತದೆ. ತಡರಾತ್ರಿಯವರೆಗೆ ಹೆಚ್ಚು ಕುಡಿದವರು ಮರುದಿನ ಬೆಳಿಗ್ಗೆಯೂ ವಾಹನ ಓಡಿಸುವ ಸ್ಥಿತಿಯಲ್ಲಿ ಇಲ್ಲದಿರಬಹುದು. ಇದನ್ನು ಬಹಳ ಮಂದಿ ಯೋಚಿಸುವುದೇ ಇಲ್ಲ.

ದಂಡ, ಜೈಲು, ಪರವಾನಗಿ ರದ್ದು, ವಿಮೆಯ ಪರಿಹಾರ ಕೈತಪ್ಪುವುದು ಎಲ್ಲವೂ ಇದ್ದದ್ದೇ. ಆದರೆ ನನ್ನನ್ನು ಹೆಚ್ಚು ಕಾಡುವುದು, ಒಂದು ಹನಿಯನ್ನೂ ಮುಟ್ಟದೆ ಅದೇ ರಸ್ತೆಯಲ್ಲಿ ಬರುತ್ತಿದ್ದ ಇನ್ನೊಬ್ಬರ ಮನೆಯಲ್ಲಿ ತಟ್ಟೆ ಹಾಕಿಕೊಂಡು ಕಾಯುವವರ ಪಾಡು.

ಆದ್ದರಿಂದ ಮುಂದಿನ ಕೂಟಕ್ಕೆ ಹೊರಡುವ ಮೊದಲೇ, ಕುಡಿಯದೆ ವಾಹನ ಓಡಿಸುವವರು ಯಾರೆಂಬುದನ್ನು ದಯವಿಟ್ಟು ಇದೇ ಗುಂಪಿನಲ್ಲಿ ತಿಳಿಸಿ. ಯಾರೂ ಇಲ್ಲದಿದ್ದರೆ ಬಾಡಿಗೆ ವಾಹನ ಗೊತ್ತುಮಾಡೋಣ.